ಕೂಗಿ ಹೇಳಲಾಗದ ಮಾತು

ಆ ಬೀದಿಯಲ್ಲಿ ಸಂಜೆಯ ವಾರ್ತೆ ಕೇಳಲು ಯಾರೂ ತಮ್ಮ ಮನೆಯ ಟಿವಿ ಹಾಕಬೇಕಾಗಿರಲಿಲ್ಲ. ಕತ್ತರಿಯಣ್ಣನ ಮನೆಯ ಟಿವಿಯೇ ಇಡೀ ಬೀದಿಗೆ ಸಾಕಾಗುತ್ತಿತ್ತು. ಎದುರು ಮನೆಯ ಮಕ್ಕಳು ಕಿಟಕಿ ಮುಚ್ಚಿಕೊಂಡು ಓದುತ್ತಿದ್ದರು. ಮಹಡಿಯ ಬಾಡಿಗೆಯವರು ಮೊದಮೊದಲು ನೆಲ ಕುಟ್ಟಿ ಹೇಳಿದರು, ಆಮೇಲೆ ಕೆಳಗಿಳಿದು ಬಂದು ಹೇಳಿದರು, ಕೊನೆಗೆ ಹೇಳುವುದನ್ನೇ ಬಿಟ್ಟರು. ಅವರು ಬಿಟ್ಟದ್ದು ಕತ್ತರಿಯಣ್ಣನಿಗೆ ಗೊತ್ತಾಗಲಿಲ್ಲ. ಕುಟ್ಟಿದ್ದೇ ಕೇಳಿಸಿರಲಿಲ್ಲವಲ್ಲ, ಬಿಟ್ಟದ್ದು ಹೇಗೆ ಗೊತ್ತಾಗಬೇಕು?

ಕತ್ತರಿಯಣ್ಣ ಆ ಬೀದಿಯ ಕ್ಷೌರದವನು. ಮನೆಯ ಮುಂದಿನ ಕೋಣೆಯೇ ಅವನ ಕಟಿಂಗ್ ಶಾಪು. ಒಂದು ಬಾಗಿಲು ಬೀದಿಗೆ, ಇನ್ನೊಂದು ಅಡಿಗೆಮನೆಗೆ. ನಡುವೆ ಒಂದು ಪರದೆ. ಎರಡು ಕುರ್ಚಿ, ಉದ್ದಕ್ಕೂ ಕನ್ನಡಿ, ಕನ್ನಡಿಯ ಕೆಳಗೆ ಬಾಚಣಿಗೆ, ಬ್ರಶ್ಶು, ನೀರು ಚಿಮುಕಿಸುವ ಬಾಟಲಿ. ಕೈ ಇನ್ನೂ ಗಟ್ಟಿಯಾಗಿತ್ತು, ಕಣ್ಣು ಚುರುಕಾಗಿತ್ತು. ಕಿವಿ ಮಾತ್ರ ಕೈಕೊಟ್ಟಿತ್ತು.

ಆಸ್ಪತ್ರೆಯವರು ಪರೀಕ್ಷೆ ಮಾಡಿ ಎರಡೂ ಕಿವಿಗೆ ಮಿಷನ್ನು ಕೊಟ್ಟಿದ್ದರು. ಹಾಕಿಕೊಂಡರೆ ಎದುರಿಗಿದ್ದವರ ಮಾತು ತಕ್ಕಮಟ್ಟಿಗೆ ಕೇಳಿಸುತ್ತಿತ್ತು. ಆದರೆ ಕತ್ತರಿಯಣ್ಣ ಹಾಕಿಕೊಳ್ಳಬೇಕಲ್ಲ? ಅಂಗಡಿಯಲ್ಲಿ ಕೂದಲು ಹಾರುತ್ತದೆ, ನೀರು ಸಿಡಿಯುತ್ತದೆ, ಮಿಷನ್ನು ಹಾಳಾಗುತ್ತದೆ ಎಂದು ಡ್ರಾಯರಿನಲ್ಲಿ ಇಡುತ್ತಿದ್ದ. ಮನೆಯೊಳಗೆ ಹಾಕಿಕೊಂಡರೂ ಟಿವಿಯ ಮಾತು ಕಲಸುಮೇಲೋಗರವಾಗಿ ಕೇಳುತ್ತದೆ ಎಂದು ದನಿ ಏರಿಸುತ್ತಿದ್ದ. ದನಿ ಏರಿದ ಕೂಡಲೇ ಹೆಂಡತಿ ತಲೆ ಚಿಟ್ಟು ಹಿಡಿಯಿತೆಂದು ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಒಂದೇ ಮನೆಯಲ್ಲಿ ಗಂಡ ಒಂದು ಕೋಣೆ, ಹೆಂಡತಿ ಒಂದು ಕೋಣೆ. ಜಗಳವಿಲ್ಲ, ಮನಸ್ತಾಪವಿಲ್ಲ, ಮಾತೂ ಇಲ್ಲ.

ಕಟಿಂಗ್ ಶಾಪೆಂದರೆ ಬರೀ ಕೂದಲು ಬೀಳುವ ಜಾಗ ಅಂದುಕೊಳ್ಳಬೇಡಿ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಒರಗಿದ ಗಂಡಸು ಹೆಂಡತಿಗೂ ಹೇಳದ್ದನ್ನು ಅಲ್ಲಿ ಹೇಳುತ್ತಾನೆ. ಒಂದು ಕಾಲದಲ್ಲಿ ಇಡೀ ಬೀದಿಯ ಗುಟ್ಟು ಕತ್ತರಿಯಣ್ಣನ ಹೊಟ್ಟೆಯಲ್ಲಿತ್ತು. ಯಾರಿಗೆ ಕೆಲಸ ಹೋಯಿತು, ಯಾರ ಮಗ ಮಾತು ಬಿಟ್ಟ, ಯಾರಿಗೆ ಯಾವ ಪರೀಕ್ಷೆಗೆ ಡಾಕ್ಟರು ಬರೆದುಕೊಟ್ಟರು, ಎಲ್ಲವೂ. ಒಂದು ಮಾತೂ ಅವನ ಹೊಸಿಲು ದಾಟುತ್ತಿರಲಿಲ್ಲ. ಕಿವಿ ಮಂದವಾದ ಮೇಲೆ ಜನ ಬಂದರು, ಕೂತರು, ಬೋಳಿಸಿಕೊಂಡು ಹೋದರು. ಗುಟ್ಟನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ? ಕೂಗಿ ಹೇಳಬಹುದಾದದ್ದೆಂದರೆ ಬಿಸಿಲು ಜಾಸ್ತಿ, ಬಸ್ಸು ತಡ, ಇಷ್ಟೇ. ಕತ್ತರಿಯಣ್ಣ ಎಲ್ಲದಕ್ಕೂ "ಹೌದೌದು" ಅನ್ನುತ್ತಿದ್ದ. ಕೇಳಿಸಿದ್ದಕ್ಕೂ ಹೌದೌದು, ಕೇಳಿಸದ್ದಕ್ಕೂ ಹೌದೌದು. ಅಂಗಡಿ ತುಂಬ ಜನ ಇದ್ದಾಗಲೂ ಅವನಿಗೆ ಒಬ್ಬನೇ ಇದ್ದಹಾಗೆ ಅನಿಸುತ್ತಿತ್ತು.

ಇವೆಲ್ಲಕ್ಕಿಂತ ಹೆಚ್ಚು ನೋಯುತ್ತಿದ್ದದ್ದು ಮಗಳ ಫೋನು. ಒಬ್ಬಳೇ ಮಗಳು. ಬೇರೆ ಊರಿನ ಅಚ್ಚುಕೂಟದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ, ಮದುವೆಯಾಗಿ ಅಲ್ಲೇ ಸಂಸಾರ. ಚಿಕ್ಕವಳಿದ್ದಾಗ ಶಾಲೆಯಿಂದ ಬಂದವಳೇ ಅಂಗಡಿಯ ಖಾಲಿ ಕುರ್ಚಿ ಹತ್ತಿ, ಅಮ್ಮನಿಗೆ ಹೇಳದ್ದನ್ನೆಲ್ಲ ಅಪ್ಪನ ಕಿವಿಯಲ್ಲಿ ಹೇಳುತ್ತಿದ್ದಳು. ಈಗ ಅವಳ ಫೋನು ಬಂದರೆ ಹೆಂಡತಿ ಅಡಿಗೆಮನೆಯ ಕಿಟಕಿಯ ಹತ್ತಿರ ನಿಂತು ಅರ್ಧ ಗಂಟೆ ಮಾತಾಡುತ್ತಿದ್ದಳು. ಕತ್ತರಿಯಣ್ಣ ಅವಳ ಮುಖವನ್ನೇ ನೋಡುತ್ತ ಕೂರುತ್ತಿದ್ದ.

"ಏನಂದ್ಲು?"

"ಚೆನ್ನಾಗಿದಾಳಂತೆ."

"ಅಷ್ಟೇನಾ?"

"ಅಷ್ಟೇ ರೀ."

ಅರ್ಧ ಗಂಟೆಯ ಮಾತು ಅವನ ಪಾಲಿಗೆ ಒಂದೇ ಪದವಾಗಿ ಬರುತ್ತಿತ್ತು. ತಾನೇ ಮಾತಾಡೋಣವೆಂದು ಫೋನನ್ನು ಕಿವಿಗಿಟ್ಟರೆ ಮಿಷನ್ನು ಕುಯ್ಯೆಂದು ಸಿಳ್ಳೆ ಹಾಕುತ್ತಿತ್ತು. ಮಿಷನ್ನು ತೆಗೆದರೆ ಏನೂ ಕೇಳಿಸುತ್ತಿರಲಿಲ್ಲ. ಆ ಕಡೆ ಮಗಳು ಕೂಗಿ ಕೂಗಿ ಸೋತು, ಬರುಬರುತ್ತ "ಅಪ್ಪಂಗೆ ಕೊಡಮ್ಮ" ಅನ್ನುವುದನ್ನೇ ನಿಲ್ಲಿಸಿದಳು. ಮಗಳಿಗೆ ನಾನು ಬೇಡವಾದೆ ಎಂದು ಕತ್ತರಿಯಣ್ಣ ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡ. ಅದನ್ನೂ ಯಾರ ಹತ್ತಿರವೂ ಹೇಳಲಿಲ್ಲ.

ಅವನ ಗಿರಾಕಿಗಳಲ್ಲಿ ಹೆಂಗಸೆಂದರೆ ಒಬ್ಬರೇ, ಮೂರು ಮನೆ ಆಚೆಯ ಲೈಬ್ರರಿ ಮೇಡಂ. ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಳ್ಳುವವರು. ಅವರಿಗೂ ಎರಡೂ ಕಿವಿಗೆ ಮಿಷನ್ನಿತ್ತು, ಮುಚ್ಚಿಡುವ ಗೋಜಿಗೇ ಹೋಗುತ್ತಿರಲಿಲ್ಲ. ಒಂದು ದಿನ ಅವರು ಕುರ್ಚಿಯಲ್ಲಿ ಕೂತಿದ್ದಾಗ ಕತ್ತರಿಯಣ್ಣ ಕನ್ನಡಿಯಲ್ಲಿ ನೋಡಿದ. ಮೇಡಮ್ಮಿನ ಕೈ ಎರಡೂ ಬಟ್ಟೆಯ ಕೆಳಗಿವೆ, ಫೋನು ಮೇಜಿನ ಮೇಲಿದೆ, ತುಟಿ ಮಾತ್ರ ಆಡುತ್ತಿದೆ. ನಗುತ್ತಾರೆ, ಹ್ಞೂಂ ಅನ್ನುತ್ತಾರೆ, ಮತ್ತೆ ಏನೋ ಹೇಳುತ್ತಾರೆ. ಪಾಪ, ಒಬ್ಬರೇ ಇದ್ದೂ ಇದ್ದೂ ಹೀಗಾಗಿದ್ದಾರೆ ಎಂದು ಅವನಿಗೆ ಮರುಕ ಹುಟ್ಟಿತು.

"ಯಾರ ಜೊತೆ ಮಾತಾಡ್ತಿದೀರಾ ಮೇಡಂ?"

ಮೇಡಂ ಅವನ ಕಡೆ ಮುಖ ತಿರುಗಿಸಿ ನಿಧಾನವಾಗಿ, ಗಟ್ಟಿಯಾಗಿ ಹೇಳಿದರು. "ನನ್ನ ತಂಗಿ ಜೊತೆ. ಫೋನಿನ ದನಿ ನೇರ ಮಿಷನ್ನಿಗೇ ಬರುತ್ತೆ ಅಣ್ಣ. ಕಿವಿಗೆ ಇಟ್ಕೋಬೇಕಾಗಿಲ್ಲ, ಸಿಳ್ಳೆ ಬರಲ್ಲ."

"ವೈರು ಎಲ್ಲಿದೆ?"

"ವೈರಿಲ್ಲ. ಬ್ಲೂಟೂತ್ ಅಂತಾರಲ್ಲ, ಅದು. ನಿಮ್ಮ ಮಿಷನ್ನು ತೋರಿಸಿ ನೋಡೋಣ."

ಕತ್ತರಿಯಣ್ಣ ಡ್ರಾಯರಿನಿಂದ ತೆಗೆದು ಕೊಟ್ಟ. ಮೇಡಂ ಮೈಮೇಲಿನ ಕೂದಲನ್ನೂ ಕೊಡವದೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದರಲ್ಲೂ ಇದೆ. ಆಸ್ಪತ್ರೇಲಿ ಹೇಳ್ಲಿಲ್ವಾ?"

ಹೇಳಿದ್ದರು. ಅವತ್ತು ಕತ್ತರಿಯಣ್ಣ ಅದಕ್ಕೂ ಹೌದೌದು ಅಂದಿದ್ದ.

ಅವನದು ಗುಂಡಿ ಒತ್ತುವ ಹಳೇ ಫೋನು. ಅದಕ್ಕೆ ಈ ಮಿಷನ್ನು ಹೊಂದುವುದಿಲ್ಲ ಎಂದರು ಮೇಡಂ. ಮನೆಯಲ್ಲಿದ್ದ ದೊಡ್ಡ ಫೋನು ಹೆಂಡತಿಯದು, ಮೇಡಂ ಪರದೆಯ ಕಡೆ ತಿರುಗಿ ಅವಳನ್ನು ಕರೆದರು. "ಅತ್ತಿಗೆ, ನಿಮ್ಮದನ್ನೇ ಒಂದ್ಸಲ ಕೊಡಿ. ಹೇಗಿರುತ್ತೆ ಅಂತ ಅಣ್ಣಂಗೆ ತೋರಿಸ್ತೀನಿ" ಎಂದು ಅದಕ್ಕೇ ಜೋಡಿಸಿ, ಮಿಷನ್ನನ್ನು ಅವನ ಕಿವಿಗೆ ಹಾಕಿಸಿದರು. ಒಂದು ಹಾಡು ಹಾಕಿದರು. ಕತ್ತರಿಯಣ್ಣ ಬೆಚ್ಚಿ ಹಿಂದೆ ತಿರುಗಿ ನೋಡಿದ. ಹಾಡುವವಳು ಅವನ ತಲೆಯೊಳಗೇ ಕೂತು ಹಾಡುತ್ತಿದ್ದಳು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಎಷ್ಟೋ ವರ್ಷದ ಮೇಲೆ ಕೇಳಿದ ಹಾಡಿಗೆ ಅವನ ಕಣ್ಣು ಒದ್ದೆಯಾಯಿತು. ಅದನ್ನು ತೋರಿಸಿಕೊಳ್ಳುವವನೇ ಅವನು? "ಮಕ್ಕಳಾಟ ಇದೆಲ್ಲ, ಸಾಕು ಬಿಡಿ" ಎಂದು ಪೊರಕೆ ಹಿಡಿದು ಕೂದಲು ಗುಡಿಸತೊಡಗಿದ. ಲೈಬ್ರರಿ ತೆರೆಯುವ ಹೊತ್ತಾಗಿತ್ತು. ಮೇಡಂ ಗಡಿಬಿಡಿಯಲ್ಲಿ ಎದ್ದು ಹೋದರು. ಮಿಷನ್ನಿಗೂ ಆ ಫೋನಿಗೂ ಹಾಕಿದ ಗಂಟನ್ನು ಬಿಚ್ಚಲು ಮರೆತರು.

ಮಾರನೆಯ ಬೆಳಿಗ್ಗೆ ಕತ್ತರಿಯಣ್ಣ ಮಿಷನ್ನನ್ನು ಡ್ರಾಯರಿನಲ್ಲಿ ಇಡಲಿಲ್ಲ. ಬಾಯಲ್ಲಿ ಮಕ್ಕಳಾಟ ಎಂದಿದ್ದರೂ ಮನಸ್ಸು ಬಿಡಬೇಕಲ್ಲ. ಕುರ್ಚಿಯಲ್ಲಿ ಬಸ್ ಡಿಪೋದ ಗುಮಾಸ್ತ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಒರಗಿದ್ದ. ಕತ್ತರಿಯಣ್ಣ ಕತ್ತಿ ಎತ್ತಿ ಕೆನ್ನೆಯ ಹತ್ತಿರ ತಂದ. ಅಷ್ಟರಲ್ಲಿ ಮಗಳು ಮಾತಾಡಿದಳು.

"ಅಮ್ಮಾ, ಅಪ್ಪಂಗೆ ಇನ್ನೂ ಹೇಳ್ಬೇಡ."

ಅವನು ಕತ್ತಿಯನ್ನು ಹಿಂದಕ್ಕೆ ತೆಗೆದ. ಬಾಗಿಲ ಕಡೆ ನೋಡಿದ. ಯಾರೂ ಇಲ್ಲ. ದನಿ ಮಾತ್ರ ಎರಡೂ ಕಿವಿಯಲ್ಲಿ, ಬಿಸಿಯುಸಿರು ತಾಗುವಷ್ಟು ಹತ್ತಿರ.

"ಗಂಡನ ಮನೆ ಬಿಟ್ಟು ಹಾಸ್ಟೆಲಿಗೆ ಬಂದು ಎರಡು ತಿಂಗಳಾಯ್ತು. ಭಾನುವಾರ ಆ ಮನೆಯವರೆಲ್ಲ ಬರ್ತಾರಂತೆ, ವಾಪಸ್ ಕರ್ಕೊಂಡು ಹೋಗೋಕೆ. ನೀನೂ ಹೊಂದ್ಕೊಂಡು ಹೋಗು ಅಂತೀಯ. ಹೊಡೀತಾರಾ, ಇಲ್ಲ. ಊಟ ಹಾಕಲ್ವಾ, ಹಾಕ್ತಾರೆ. ಹಾಗಾದ್ರೆ ಏನು ಕಷ್ಟ ಅಂತೀಯ. ಆ ಮನೇಲಿ ನನ್ನ ಹತ್ರ ಯಾರೂ ಮಾತಾಡಲ್ಲಮ್ಮ. ನಿನ್ನ ಅಳಿಯನೂ ಸಹ. ನಾನು ಬಂದ್ರೂ ತಲೆ ಎತ್ತಲ್ಲ, ಹೋದ್ರೂ ಎತ್ತಲ್ಲ. ಅಪ್ಪ ಏನಂತಾನೆ ಅಂತ ಒಂದ್ಸಲ ಕೇಳ್ಬೇಕು ಅನಿಸುತ್ತೆ. ಆದ್ರೆ ಹೇಗಮ್ಮ? ಫೋನಲ್ಲಿ ಕೂಗ್ಬೇಕು. ಇಲ್ಲಿ ಒಂದು ರೂಮಲ್ಲಿ ನಾಲ್ಕು ಮಂಚ. ಇಂಥಾ ಮಾತನ್ನ ಕೂಗಿ ಹೇಳೋದಾ?"

ಪರದೆಯ ಆಚೆ ಅಡಿಗೆಮನೆಯಲ್ಲಿ ಹೆಂಡತಿ ಮಗಳ ವಾಯ್ಸ್ ಮೆಸೇಜು ಒತ್ತಿ, ಫೋನನ್ನು ಕಿವಿಗಿಟ್ಟುಕೊಂಡು ನಿಂತಿದ್ದಳು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಫೋನು ಕೆಟ್ಟಿತೆಂದುಕೊಂಡು ಮತ್ತೊಮ್ಮೆ ಒತ್ತಿದಳು. ಪರದೆಯ ಈಚೆ ಕತ್ತರಿಯಣ್ಣನಿಗೆ ಮಗಳು ಇನ್ನೊಮ್ಮೆ ಮೊದಲಿನಿಂದ ಹೇಳಿದಳು.

"ಏನಾಯ್ತಣ್ಣ, ನೊರೆ ಒಣಗ್ತಿದೆ" ಎಂದ ಗುಮಾಸ್ತ ಕಣ್ಣು ತೆರೆಯದೆ.

ಕತ್ತರಿಯಣ್ಣ ಕತ್ತಿಯನ್ನು ಕೆಳಗಿಟ್ಟ. ನಡುಗುವ ಕೈಯಲ್ಲಿ ಇನ್ನೊಬ್ಬರ ಕುತ್ತಿಗೆಗೆ ಕತ್ತಿ ಇಡಬಾರದು, ಅಷ್ಟು ವೃತ್ತಿಧರ್ಮ ಅವನಿಗಿತ್ತು. ಬಿಸಿನೀರಿನಲ್ಲಿ ಅದ್ದಿದ ಟವೆಲನ್ನು ಗುಮಾಸ್ತನ ಮುಖದ ಮೇಲೆ ಹಾಕಿ, ಕನ್ನಡಿಯ ಮುಂದೆ ಸುಮ್ಮನೆ ನಿಂತ. ಮಗಳ ಬದುಕು ಮುರಿಯುತ್ತಿದೆ. ತನಗೆ ಚೆನ್ನಾಗಿದಾಳೆ ಎಂಬ ಸುದ್ದಿ ಬರುತ್ತಿದೆ. ಎರಡು ತಿಂಗಳಿಂದ ಈ ಮನೆಯಲ್ಲಿ ಗೊತ್ತಿಲ್ಲದವನು ತಾನೊಬ್ಬನೇ. ಕೈ ಸ್ಥಿರವಾದ ಮೇಲೆ ಒಂದು ಗೀರೂ ಬೀಳದಂತೆ ಬೋಳಿಸಿ ಗುಮಾಸ್ತನನ್ನು ಕಳಿಸಿದ. ಬಾಗಿಲಿಗೆ ಅಡ್ಡಕ್ಕೆ ಕುರ್ಚಿ ಇಟ್ಟು ಒಳಗೆ ಹೋದ.

ಹೆಂಡತಿ ಫೋನನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು.

"ಫೋನಿಗೆ ದನಿಯೇ ಇಲ್ಲ ರೀ" ಎಂದಳು ಎತ್ತರದ ದನಿಯಲ್ಲಿ.

"ಫೋನು ಕೆಟ್ಟಿಲ್ಲ. ದನಿ ನನ್ನ ಕಿವಿಗೆ ಬಂತು."

"ಏನು ಬಂತು?"

"ಎಲ್ಲ."

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಕತ್ತರಿಯಣ್ಣ, "ನನಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ.

"ಹೇಗೆ ಹೇಳ್ಲಿ?" ಅವಳ ಕಣ್ಣಿಂದ ನೀರು ಇಳಿಯತೊಡಗಿತು. "ನಿಮಗೆ ಹೇಳಿದ್ರೆ ಮಹಡಿ ಮೇಲಿನವರಿಗೂ ಹೇಳಿದ ಹಾಗೆ. ಎಷ್ಟು ಸಲ ಬಾಯಿವರೆಗೂ ಬಂತು ಗೊತ್ತಾ? ಎರಡು ತಿಂಗಳು ಒಬ್ಬಳೇ ನುಂಗಿಕೊಂಡು ಕೂತಿದೀನಿ. ಅವಳು ಹೇಳೋದನ್ನ ನಿಮಗೆ ಮುಚ್ಚಿಡಬೇಕು, ನೀವು ಕೇಳಿದ್ರೆ ಚೆನ್ನಾಗಿದಾಳೆ ಅನ್ನಬೇಕು. ಇನ್ನು ನನ್ನ ಕೈಲಾಗಲ್ಲ ರೀ. ಇಬ್ಬರ ನಡುವೆ ನಿಂತು ನಿಂತು ಸಾಕಾಗಿದೆ."

ತಾನೊಬ್ಬನೇ ಒಂಟಿ ಎಂದು ಕತ್ತರಿಯಣ್ಣ ತಿಳಿದಿದ್ದ. ಪರದೆಯ ಆಚೆ ಇನ್ನೊಬ್ಬಳೂ ಒಂಟಿಯಾಗಿದ್ದಾಳೆ ಎಂಬುದು ಅವತ್ತೇ ಅವನಿಗೆ ತಿಳಿದದ್ದು. ಆದರೂ ಅವನ ಹಟ ಅಷ್ಟು ಬೇಗ ಇಳಿಯುವಂಥದ್ದಲ್ಲ. ಎರಡೂ ಮಿಷನ್ನು ತೆಗೆದು ಡಬ್ಬಿಗೆ ಹಾಕಿದ. "ಇದು ಕದ್ದು ಕೇಳೋ ಯಂತ್ರ. ಮಗಳು ನನಗೆ ಹೇಳದ ಮಾತನ್ನ ನನ್ನ ಕಿವಿಗೆ ಸುರೀತು. ಈ ಸಹವಾಸವೇ ಬೇಡ" ಎಂದ.

ಮಿಷನ್ನಿನ ಎಡವಟ್ಟನ್ನು ಹೆಂಡತಿಯ ಬಾಯಲ್ಲಿ ಕೇಳಿ ಲೈಬ್ರರಿ ಮೇಡಂ ಮಧ್ಯಾಹ್ನ ಓಡಿ ಬಂದರು. ಮಗಳ ವಿಷಯ ಅವರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

"ತಪ್ಪು ನಂದು ಅಣ್ಣ. ಬಿಡಿಸದೇ ಹೋದೆ" ಎಂದು ಅವನೆದುರು ನಿಂತು ಗಟ್ಟಿಯಾಗಿ ಹೇಳಿದರು. "ಮಿಷನ್ನಿಗೆ ಏನು ಗೊತ್ತು, ಯಾವ ಫೋನಿಗೆ ಜೋಡಿಸಿದ್ರೆ ಅದರ ಮಾತು ಕೇಳುತ್ತೆ. ಅತ್ತಿಗೆ ಫೋನಿಗೆ ಜೋಡಿಸಿದ್ರೆ ಅತ್ತಿಗೆ ಮಾತು. ಹೊಂದೋ ಫೋನೊಂದನ್ನ ನೀವೇ ತಗೊಂಡು ಅದಕ್ಕೆ ಜೋಡಿಸಿದ್ರೆ ನಿಮ್ಮ ಮಾತು, ಬೇರೆ ಯಾರದ್ದೂ ಇಲ್ಲ."

"ನನ್ನ ಜೊತೆ ಮಾತಾಡೋರು ಯಾರಿದಾರೆ ಮೇಡಂ, ನನಗೆ ಫೋನು ಬೇರೆ ಕೇಡು."

ಮೇಡಂ ಕುರ್ಚಿ ಎಳೆದು ಅವನೆದುರು ಕೂತರು. "ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದರು. "ನನ್ನ ತಂಗಿ ಫೋನು ಮಾಡೋದು ಬಿಟ್ಟು ವರ್ಷ ಕಳೆದಿತ್ತು. ಕೊಬ್ಬು ಅವಳಿಗೆ ಅಂತ ನಾನು. ಅಕ್ಕಂಗೆ ಕೇಳಿಸಲ್ಲ, ಸುಮ್ಮನೆ ಯಾಕೆ ಮುಜುಗರ ಮಾಡ್ಲಿ ಅಂತ ಅವಳು. ಇಬ್ಬರೂ ಕೂತಿದ್ವಿ, ಅವಳ ಮನೇಲಿ ಅವಳು, ನನ್ನ ಮನೇಲಿ ನಾನು."

ಕತ್ತರಿಯಣ್ಣ ಡಬ್ಬಿಯ ಕಡೆ ನೋಡಿದ. ಭಾನುವಾರ ದೂರವಿರಲಿಲ್ಲ. ಅಪ್ಪ ಏನಂತಾನೆ ಎಂದು ಕೇಳಬೇಕೆನ್ನುತ್ತಿದ್ದಳು ಮಗಳು. ಬೇಡವಾದ ಅಪ್ಪನ ಮಾತಿಗೆ ಯಾರಾದರೂ ಕಾಯುತ್ತಾರೆಯೇ? ಅವನು ಎದ್ದು ಡಬ್ಬಿಯಿಂದ ಮಿಷನ್ನು ತೆಗೆದು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. "ನಾಳೆ ಅಂಗಡಿ ರಜ. ಎಲ್ಲಿಗೆ ಹೋಗ್ಬೇಕು ಹೇಳಿ" ಎಂದ.

ಮರುದಿನ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯ ಕಿವಿ ವಿಭಾಗಕ್ಕೆ ಹೋದರು. ಫೋನು ಕೊಳ್ಳುವ ಮೊದಲೇ ಹೋಗಿ ಎಂದು ಮೇಡಂ ಒತ್ತಿ ಹೇಳಿದ್ದರು. ಅಲ್ಲಿನ ಪರೀಕ್ಷೆಯವಳು ಮಿಷನ್ನಿನ ಮಾದರಿ ನೋಡಿ, ಅದಕ್ಕೆ ಯಾವ ಯಾವ ಫೋನು ಹೊಂದುತ್ತದೆಂದು ಬಿಡಿಸಿ ಹೇಳಿದಳು. ಎಲ್ಲ ಮಿಷನ್ನೂ ಎಲ್ಲ ಫೋನಿಗೂ ಹೊಂದುವುದಿಲ್ಲ. ಕೆಲವು ಹಳೇ ಮಿಷನ್ನಿಗೆ ಈ ಸೌಲಭ್ಯವೇ ಇರುವುದಿಲ್ಲ, ಅಂಥವರಿಗೆ ಕೊರಳಿಗೆ ಹಾಕಿಕೊಳ್ಳುವ ಸಣ್ಣದೊಂದು ಸಾಧನ ಇದೆಯೋ ನೋಡಬೇಕಾಗುತ್ತದೆ. ಹೊಂದುವಂಥದ್ದು, ಯಾರೋ ಬಳಸಿ ಬಿಟ್ಟ ಸಾಧಾರಣ ಫೋನೊಂದು ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ಮತ್ತೆ ಅವಳ ಹತ್ತಿರವೇ ತಂದು ಜೋಡಿಸಿಕೊಂಡರು. ಹೆಂಡತಿಯ ಫೋನಿನಿಂದ ಮಿಷನ್ನನ್ನು ಬಿಡಿಸಿಕೊಂಡರು.

ಈ ಸಲ ಕತ್ತರಿಯಣ್ಣ ಹೌದೌದು ಅನ್ನಲಿಲ್ಲ. ಕೇಳಿಸದ್ದನ್ನು "ಇನ್ನೊಂದ್ಸಲ ಹೇಳಮ್ಮ" ಎಂದು ಕೇಳಿದ. ತಿಳಿಯದ್ದನ್ನು ತಾನೇ ಒತ್ತಿ ನೋಡಿ ಕಲಿತ.

"ಅಂಗಡೀಲಿ ಕೂದಲು ಬೀಳುತ್ತಲ್ಲ?"

"ಬೀಳಲಿ. ದಿನಾ ಒಣ ಬಟ್ಟೇಲಿ ಒರೆಸಿ, ಕೊಟ್ಟಿರೋ ಬ್ರಶ್ಶಲ್ಲಿ ಉಜ್ಜಿ. ನೀರು ಮಾತ್ರ ತಾಗಿಸ್ಬೇಡಿ. ಫೋನು, ಟಿವಿ ಜಾಸ್ತಿ ಕೇಳಿದ್ರೆ ಚಾರ್ಜು ಬೇಗ ಇಳಿಯುತ್ತೆ, ಮಲಗೋವಾಗ ಚಾರ್ಜಿಗೆ ಹಾಕಿ."

"ಟಿವಿಗೂ ಹೀಗೇ ಬರುತ್ತಾ?"

"ಬರುತ್ತೆ. ಟಿವಿ ಹಿಂದೆ ಒಂದು ಪುಟ್ಟ ಡಬ್ಬಿ ಜೋಡಿಸ್ಬೇಕು. ಕೆಲವು ಹೊಸ ಟಿವಿಗೆ ಡಬ್ಬಿಯೂ ಬೇಡ. ನಿಮಗೆ ಬೇಕಾದಷ್ಟು ದನಿ ನಿಮಗೆ, ಅಮ್ಮನಿಗೆ ಬೇಕಾದಷ್ಟು ಅವರಿಗೆ."

ಹೆಂಡತಿ ಮೊದಲ ಸಲ ಬಾಯಿ ಹಾಕಿದಳು. "ಡಬ್ಬಿ ಅವರಿಗಲ್ಲ ತಾಯಿ, ನನಗೆ ಬೇಕು. ಕೊಡು."

ಡಬ್ಬಿ ಜೋಡಿಸಿದ ಮೊದಲ ಸಂಜೆ ಒಂದು ಎಡವಟ್ಟಾಯಿತು. ಟಿವಿಯ ದನಿಯೆಲ್ಲ ಕತ್ತರಿಯಣ್ಣನ ಕಿವಿಗೇ ಹರಿದು, ಟಿವಿ ಮೂಕವಾಯಿತು. ಹಾಸ್ಯದ ಕಾರ್ಯಕ್ರಮ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ, ಪಕ್ಕದಲ್ಲಿ ಕೂತ ಹೆಂಡತಿಗೆ ಬರೀ ಬಾಯಾಡುವುದು ಕಾಣುತ್ತಿದೆ. ಅವಳು ಏನೋ ಹೇಳಿದಳು. ಅದೂ ಅವನಿಗೆ ಕೇಳಿಸಲಿಲ್ಲ. ಅವಳು ಎದ್ದು ಅಡಿಗೆಮನೆಗೆ ಹೋದಳು. ಖಾಲಿಯಾದ ಜಾಗ ನೋಡಿ ಅವನ ನಗು ನಿಂತಿತು. ಏನೂ ಕೇಳಿಸದೆ ತಾನು ವರ್ಷಗಟ್ಟಲೆ ಕೂತಿದ್ದ ಜಾಗದಲ್ಲಿ ಈಗ ಅವಳನ್ನು ಕೂರಿಸಿದ್ದ. ಮೇಡಮ್ಮನ್ನು ಕರೆಸಿ ಸರಿಮಾಡಿಸಿಕೊಂಡ. ಟಿವಿಯ ದನಿ ಕೋಣೆಗೂ ಸಣ್ಣಗೆ ಬರುವಂತೆ ಒಂದು ಕಡೆ, ಟಿವಿ ನಡೆಯುವಾಗಲೂ ಪಕ್ಕದವರ ಮಾತು ಮಿಷನ್ನಿಗೆ ಕೇಳುವಂತೆ ಇನ್ನೊಂದು ಕಡೆ, ಎರಡು ಸಣ್ಣ ಬದಲಾವಣೆ ಅಷ್ಟೇ. ಬಾಗಿಲ ಗಂಟೆ ಒತ್ತಿದರೆ ಫೋನಿನ ಮೂಲಕ ಕಿವಿಗೇ ತಿಳಿಸುವ ವ್ಯವಸ್ಥೆಯೂ ಇದೆಯೆಂದು ಮೇಡಂ ತಮ್ಮ ಮನೆಯಲ್ಲಿ ತೋರಿಸಿದರು. "ಆದ್ರೆ ಒಂದು ನೆನಪಿಟ್ಕೊಳ್ಳಿ ಅಣ್ಣ, ಮಲಗಿದಾಗ ಮಿಷನ್ನು ಕಿವೀಲಿರಲ್ಲ. ಹೊಗೆ, ಬೆಂಕಿ ಅಂದ್ರೆ ದೀಪ ಮಿನುಗಿಸಿ, ಹಾಸಿಗೆ ಅಲ್ಲಾಡಿಸಿ ಎಬ್ಬಿಸೋ ಅಲಾರಂ ಬೇರೆ ಬೇಕು" ಎಂದರು.

ಇಷ್ಟೆಲ್ಲ ಆದರೂ ಮಗಳಿಗೆ ಫೋನು ಮಾಡಲು ಕತ್ತರಿಯಣ್ಣನಿಗೆ ಧೈರ್ಯ ಸಾಲಲಿಲ್ಲ. ಫೋನು ಕೈಯಲ್ಲಿ ಹಿಡಿಯುವುದು, ಕೆಳಗಿಡುವುದು. ಕೊನೆಗೆ ಶನಿವಾರ ಬಂತು. ಗಿರಾಕಿಗಳು ಹೋದ ಮೇಲೆ ಅಂಗಡಿಯ ಬಾಗಿಲು ಎಳೆದು, ಕುರ್ಚಿಯಲ್ಲಿ ತಾನೇ ಕೂತು ಒತ್ತಿದ. ಹೆಂಡತಿ ಪರದೆಯ ಆಚೆ ನಿಂತಿದ್ದಳು, ಒಳಗೆ ಬರಲಿಲ್ಲ.

ಆ ಕಡೆ ಮಗಳು ಹೊಸ ನಂಬರು ನೋಡಿ "ಯಾರು?" ಎಂದಳು.

"ನಾನು ಕಣೇ. ಅಪ್ಪ."

ಅವಳು ಹಳೇ ಅಭ್ಯಾಸದಂತೆ ಗಂಟಲು ಹರಿಯುವಂತೆ ಕೂಗಿದಳು. "ಅಪ್ಪಾ, ಚೆನ್ನಾಗಿದೀಯಾ? ಕೇಳಿಸ್ತಿದ್ಯಾ?"

"ಕೂಗ್ಬೇಡ ಮಗಳೇ. ಮೆಲ್ಲಗೆ ಹೇಳು, ಕೇಳಿಸುತ್ತೆ."

ಅವಳ ಉಸಿರಾಟ ಕೇಳಿಸುತ್ತಿತ್ತು. ಮಗಳು ಉಸಿರಾಡುವುದನ್ನು ಅವನು ಎಷ್ಟು ವರ್ಷದ ಮೇಲೆ ಕೇಳುತ್ತಿದ್ದನೋ.

"ನಿಜವಾಗ್ಲೂ ಕೇಳಿಸುತ್ತಾ?" ಈ ಸಲ ದನಿ ಪಿಸುಮಾತಿನಷ್ಟು ಸಣ್ಣದಾಗಿತ್ತು.

"ಕೇಳಿಸುತ್ತೆ. ಮೊದಲು ನಂದೊಂದು ತಪ್ಪೊಪ್ಪಿಗೆ ಇದೆ. ನೀನು ಅಮ್ಮಂಗೆ ಕಳಿಸಿದ ಮೆಸೇಜು ಅಚಾನಕ್ಕಾಗಿ ನನ್ನ ಕಿವಿಗೆ ಬಂತು."

"ಪೂರ್ತಿ ಕೇಳಿದ್ಯಾ?"

"ಎರಡು ಸಲ. ನಿಮ್ಮಮ್ಮ ಎರಡು ಸಲ ಒತ್ತಿದ್ಲು."

ಅವಳು ನಕ್ಕಳು. ನಗುತ್ತಿದ್ದವಳ ದನಿ ನಡುವಲ್ಲೇ ಒಡೆಯಿತು. ಅಳುವುದನ್ನು ಅವನು ತಡೆಯಲಿಲ್ಲ, ಸಮಾಧಾನದ ಮಾತೂ ಹೇಳಲಿಲ್ಲ, ಕೇಳುತ್ತ ಕೂತ. ಅವಳು ಹೇಳಿದಳು. ಬೆಳಿಗ್ಗೆ ಎದ್ದು ಅಡಿಗೆ ಮಾಡುವುದು, ಯಾರೂ ಒಂದು ಮಾತಾಡದೆ ತಿಂದು ಏಳುವುದು, ಕೆಲಸದಿಂದ ಬಂದರೆ ಬಾಗಿಲು ತೆಗೆದವರು ಮುಖವನ್ನೂ ನೋಡದೆ ತಿರುಗಿ ಹೋಗುವುದು, ಏನು ತಪ್ಪು ಮಾಡಿದೆ ಎಂದು ಕೇಳಿದರೆ ಅದಕ್ಕೂ ಉತ್ತರವಿಲ್ಲದ್ದು. ಎಲ್ಲವನ್ನೂ ಮೆಲ್ಲಗೆ, ಪಕ್ಕದ ಮಂಚದವಳಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ಎಲ್ಲರೂ ಇದೊಂದು ಕಷ್ಟವಾ ಅಂತಾರಪ್ಪ. ನೀನೂ ಹಾಗೇ ಅಂತೀಯಾ?"

"ಮಾತಿಲ್ಲದ ಮನೇಲಿ ಕೂರೋದು ಎಂಥಾ ಕಷ್ಟ ಅಂತ ನನಗೆ ಹೇಳ್ಬೇಕಾ ಮಗಳೇ?" ಎಂದ ಕತ್ತರಿಯಣ್ಣ. "ನಾಳೆ ಅವರು ಬರೋಕೆ ಮುಂಚೆ ನಾನೂ ನಿಮ್ಮಮ್ಮನೂ ಅಲ್ಲಿರ್ತೀವಿ. ವಾಪಸ್ ಹೋಗ್ತೀಯೋ ಬಿಡ್ತೀಯೋ, ನೀನು ಹೇಳಿದ ಹಾಗೆ. ನಿನ್ನ ಪಕ್ಕದಲ್ಲಿ ನಾನು ಕೂತಿರ್ತೀನಿ."

ಪರದೆ ಸರಿಸಿ ಹೆಂಡತಿ ಒಳಗೆ ಬಂದಳು. ಫೋನು ಇಟ್ಟ ಮೇಲೆ ಗಂಡನ ಮುಖವನ್ನೇ ನೋಡುತ್ತ, "ಏನಂದ್ಲು?" ಎಂದು ಕೇಳಿದಳು. ಕತ್ತರಿಯಣ್ಣ ಪಕ್ಕದ ಕುರ್ಚಿಯನ್ನು ಅವಳ ಕಡೆ ತಿರುಗಿಸಿ ಕೂರಿಸಿ, ಒಂದು ಮಾತನ್ನೂ ಬಿಡದೆ ಹೇಳಿದ. ಮುಗಿಯುವ ಹೊತ್ತಿಗೆ ಹೊಂದಿಕೊಂಡು ಹೋಗು ಎಂದವಳೇ ಎದ್ದು ನಾಳೆಯ ಬಸ್ಸಿಗೆ ಬಟ್ಟೆ ಜೋಡಿಸತೊಡಗಿದಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕಿವಿ ಮಿಷನ್ನೊಂದು ಡ್ರಾಯರಿನಲ್ಲಿ ಮಲಗಿರಬಹುದು. ಅದನ್ನು ಇವತ್ತೇ ಹೊರಗೆ ತೆಗೆಯಿರಿ. ಕಿವಿ ಪರೀಕ್ಷೆಯವರ ಹತ್ತಿರ ಹೋಗಿ, ಇದು ಫೋನಿಗೆ ಸೇರುತ್ತದೆಯೇ, ನಮ್ಮ ಟಿವಿಗೆ ಸೇರುತ್ತದೆಯೇ, ಬಾಗಿಲ ಗಂಟೆಗೆ ಸೇರುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳಿದ ಮೇಲೆಯೇ ಹೊಸದನ್ನು ಕೊಳ್ಳಿ. ಜೋಡಿಸುವಾಗ ಮಿಷನ್ನು ಹಾಕಿಕೊಳ್ಳುವವರ ಸ್ವಂತ ಫೋನಿಗೇ ಜೋಡಿಸಿ, ಹೇಗೆ ಬಳಸುವುದೆಂದು ಅವರ ಕೈಯಿಂದಲೇ ಮಾಡಿಸಿ ಕಲಿಸಿ. ಕಿವಿ ಮಂದವಾದವರ ಮನೆಯಲ್ಲಿ ನೀವು ಚೆನ್ನಾಗಿ ಕೇಳಿಸಿಕೊಳ್ಳುವವರಾದರೆ, ಅವರ ಪಾಲಿನ ಮಾತನ್ನು ಒಂದೇ ಪದಕ್ಕೆ ಇಳಿಸಿ ಕೊಡಬೇಡಿ. ಫೋನನ್ನು ಅವರಿಗೆ ಕೊಡಿ. ಅವರೊಬ್ಬರಿಗೇ ಹೇಳಬೇಕೆಂದು ಯಾರೋ ಎಲ್ಲೋ ಒಂದು ಮಾತನ್ನು ಇಟ್ಟುಕೊಂಡು ಕಾಯುತ್ತಿರಬಹುದು, ಅದು ಕೂಗಿ ಹೇಳಲಾಗದ ಮಾತಾಗಿರಬಹುದು.